ಸಹಾಯ ಬೇಕು: ಇಟಲಿ ಟ್ರಾಫಿಕ್ ದಂಡ, 5 ದಿನದ ಲೆಕ್ಕ ಹೇಗೆ?

ಫ್ಲಾರೆನ್ಸ್‌ನಲ್ಲಿ ಬಾಡಿಗೆ ಕಾರು ಜಡ್‌ಟಿಎಲ್ (ಅನುಮತಿ ಇಲ್ಲದ ಗಾಡಿಗಳಿಗೆ ಪ್ರವೇಶವಿಲ್ಲದ) ವಲಯದೊಳಗೆ ಹೋಗಿ ಕ್ಯಾಮೆರಾಗೆ ಸಿಕ್ಕಿದೆ. ಬಾಡಿಗೆ ಕಂಪನಿ ಆಗಲೇ ಕಾರ್ಡಿನಿಂದ ತಗೊಂಡಿದ್ದು ಪೊಲೀಸರಿಗೆ ನನ್ನ ವಿಳಾಸ ಕೊಟ್ಟಿದ್ದಕ್ಕೆ ಶುಲ್ಕವಷ್ಟೇ, ದಂಡ ಬೇರೆ. ಅದರ ನೋಟಿಸ್ ನಿನ್ನೆ ರಿಜಿಸ್ಟರ್ಡ್ ಅಂಚೇಲಿ ಬೆಂಗಳೂರಿಗೆ ಬಂತು. ವಿದೇಶದವರಿಗೆ ಕಳಿಸೋಕೆ ಅವರಿಗೆ 360 ದಿನ ಇರೋದ್ರಿಂದ ತಡವಾಯ್ತು ಅಂತ ವಾದಿಸೋ ಹಾಗೂ ಇಲ್ಲ.

ನೋಟಿಸ್ ಕೈಸೇರಿ 5 ದಿನದೊಳಗೆ ಕಟ್ಟಿದ್ರೆ 30% ರಿಯಾಯಿತಿ. ಆನ್‌ಲೈನಲ್ಲಿ ಎರಡು ಕಾರ್ಡ್ ಹಾಕಿ ನೋಡಿದೆ, ಎರಡೂ ರಿಜೆಕ್ಟ್. ಇಂಟರ್‌ನ್ಯಾಷನಲ್ ಬಳಕೆ ಆನ್ ಇದೆ. ಉಳಿದಿರೋದು ನೋಟಿಸಲ್ಲಿರೋ ಅವರ ಖಾತೆ ಸಂಖ್ಯೆ, ಅಂದ್ರೆ ಐಬಾನ್‌ಗೆ ಬ್ಯಾಂಕ್ ಮೂಲಕ ಕಳಿಸೋದು. ಮಧ್ಯದ ಬ್ಯಾಂಕು ಶುಲ್ಕ ಮುರ್ಕೊಂಡು ಕಮ್ಮಿ ಸೇರಿದ್ರೆ ಬಾಕಿ ಉಳಿಯುತ್ತೆ, ಅದಕ್ಕೇ ಎಲ್ಲ ಶುಲ್ಕ ನಾನೇ ಕೊಡೋ ‘ಅವರ್’ (OUR) ಆಯ್ಕೆ ಹಾಕ್ತೀನಿ. ಆದ್ರೆ ದುಡ್ಡು ತಲುಪೋಕೇ ಮೂರ್ನಾಲ್ಕು ದಿನ.

ಹೀಗೆ ಕಟ್ಟಿದವರು ಹೇಳಿ: 5 ದಿನಕ್ಕೆ ಲೆಕ್ಕ ನಾವು ಕಳಿಸಿದ ದಿನವೋ, ಅವರ ಖಾತೆಗೆ ಜಮಾ ಆದ ದಿನವೋ?