ಬಾಯಿಚಪಲವಾ, ಚಟವಾ? ಹೊಟ್ಟೆ ಆಪರೇಷನ್ ಆದಮೇಲೂ ಡಬ್ಬಕ್ಕೆ ಹೋಗುವ ಕೈ

ಅರ್ಧ ಇಡ್ಲಿ:
ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ, ದಾವಣಗೆರೆ ಕಡೆಯವಳು. ಮೂರು ವರ್ಷದ ಹಿಂದೆ ತೂಕ ಇಳಿಸಲು ಸ್ಲೀವ್ ಅನ್ನುವ, ಹೊಟ್ಟೆ ಸಣ್ಣದು ಮಾಡುವ ಆಪರೇಷನ್ ಮಾಡಿಸಿಕೊಂಡೆ. ಆಗ 121 ಕೆಜಿ ಇದ್ದೆ. ಒಂದೂವರೆ ವರ್ಷದಲ್ಲಿ 76ಕ್ಕೆ ಬಂದೆ. ಈಗ 85. ಈ 9 ಕೆಜಿ ಎಲ್ಲಿಂದ ಬಂತು ಅಂತ ಯಾರೂ ಹೇಳಬೇಕಾಗಿಲ್ಲ. ಕೋಡುಬಳೆ ಡಬ್ಬದಿಂದ ಬಂತು.

ಮುಂಚೆ ಹೇಗಿದ್ದೆ ಅಂತ ಹೇಳಿಬಿಡುತ್ತೇನೆ. ಎಲ್ಲರ ಜೊತೆ ಊಟಕ್ಕೆ ಕೂತಾಗ ಎರಡೇ ರೊಟ್ಟಿ. 'ಇಷ್ಟು ಕಮ್ಮಿ ತಿಂದರೂ ಹೀಗೆ ಊದಿಕೊಂಡಿದ್ದಾಳೆ, ಥೈರಾಯ್ಡ್ ಇರಬೇಕು ಪಾಪ' ಅಂತ ನೆಂಟರು ಮರುಗುತ್ತಿದ್ದರು. ನಿಜವಾದ ಊಟ ರಾತ್ರಿ ಹನ್ನೊಂದರ ಮೇಲೆ. ಲೈಟ್ ಹಾಕುತ್ತಿರಲಿಲ್ಲ. ಸ್ಟೀಲ್ ಡಬ್ಬದ ಮುಚ್ಚಳ ಸದ್ದು ಮಾಡದಂತೆ ನೈಟಿಯ ಅಂಚು ಅಡ್ಡ ಹಿಡಿದು ತೆಗೆಯುತ್ತಿದ್ದೆ. ಕೋಡುಬಳೆ ಕಡಿದರೆ ಕಟುಂ ಅನ್ನುತ್ತದೆ ಅಲ್ವಾ? ಅದಕ್ಕೆ ಚೂರು ಬಾಯಲ್ಲಿಟ್ಟು ಮೆತ್ತಗಾಗುವ ತನಕ ಕಾಯುತ್ತಿದ್ದೆ. ಹಸಿವೆ ಅಂತೂ ಅಲ್ಲ. ಹೊಟ್ಟೆ ಬಿರಿಯುತ್ತಿದ್ದರೂ ಕೈ ನಿಲ್ಲುತ್ತಿರಲಿಲ್ಲ. ಡಬ್ಬ ತಳ ಕಂಡಮೇಲೆ ಅಳು. ಬೆಳಗ್ಗೆ ಅಂಗಡಿಗೆ ಓಡಿ, ಮೊದಲು ಎಷ್ಟಿತ್ತೋ ಅಷ್ಟು ತಂದು ತುಂಬಿಡುವುದು.

ಆಪರೇಷನ್ ಆದ ಮೊದಲ ಹತ್ತು ತಿಂಗಳು ನಾನೇ ಬೇರೆ ಹೆಂಗಸು. ಹಸಿವೆ ಅನ್ನುವುದೇ ಇಲ್ಲ. ಅರ್ಧ ಇಡ್ಲಿಗೆ ಸಾಕು ಅನ್ನಿಸುತ್ತಿತ್ತು, ಈ ಹೆಸರು ಆಗ ಇಟ್ಟುಕೊಂಡದ್ದು. ಆಮೇಲೆ ಮಾರ್ಚ್ ಬಂತು. ಸೊಸೈಟಿಯ ವರ್ಷದ ಲೆಕ್ಕ ಮುಗಿಸಿ ಒಂದು ದಿನ ರಾತ್ರಿ ಒಂಬತ್ತೂವರೆಗೆ ಮನೆಗೆ ಬಂದೆ. ಚಪ್ಪಲಿ ಬಿಟ್ಟದ್ದು ನೆನಪಿಲ್ಲ. ನೆನಪಾಗುವಾಗ ಅಡುಗೆಮನೆಯಲ್ಲಿದ್ದೆ, ಬಾಯಲ್ಲಿ ಕೋಡುಬಳೆ ನೆನೆಯುತ್ತಿತ್ತು. ಮನೆಯಲ್ಲಿ ಆವತ್ತು ಯಾರೂ ಇರಲಿಲ್ಲ. ಸದ್ದು ಮಾಡಿಕೊಂಡೇ ತಿನ್ನಬಹುದಿತ್ತು.

ಈಗ ಕೇಳುತ್ತಿರುವುದು ನಾದಿನಿಯ ಮಗಳಿಗಾಗಿ. ಅವಳಿಗೆ 26. 'ಅತ್ತೆ, ನಾನೂ ಮಾಡಿಸ್ಕೊಳ್ಲಾ?' ಅಂತಾಳೆ. ಮಡಚಿ ಮಡಚಿ ಬೆರಳಷ್ಟು ಮಾಡಿದ ಚಿಪ್ಸ್ ಕವರ್‌ಗಳನ್ನು ಅವಳ ಬ್ಯಾಗಿನ ಒಳಜೇಬಿನಲ್ಲಿ ಕಂಡಿದ್ದೇನೆ. ನಮ್ಮಮ್ಮ ಇದಕ್ಕೆ ಬಾಯಿಚಪಲ ಅಂತಾರೆ. ನನಗೆ ಚಟ ಅನ್ನಿಸುತ್ತದೆ. ಹುಡುಗಿಗೆ ಏನು ಹೇಳಲಿ?

ಹಳೇ ಮೈಸೂರು:
ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ಚಟ ಅನ್ನುವುದು ದೊಡ್ಡ ಮಾತು. ನಮ್ಮಪ್ಪ ಕುಡಿದು ಕುಡಿದು ಎರಡು ಎಕರೆ ಗದ್ದೆ ಕಳೆದರು. ಅದು ಚಟ. ಕೋಡುಬಳೆ ತಿಂದು ಯಾರಾದರೂ ಗದ್ದೆ ಮಾರಿದ್ದು ಕೇಳಿದ್ದೀರಾ? ಈಗ ಎಲ್ಲಕ್ಕೂ ಒಂದು ಕಾಯಿಲೆಯ ಹೆಸರು. ಲಕ್ಷಗಟ್ಟಲೆ ಸುರಿದು ಹೊಟ್ಟೆ ಕೊಯ್ಯಿಸಿಕೊಳ್ಳುವುದು, ಆಮೇಲೆ ಮತ್ತೆ ಡಬ್ಬಕ್ಕೆ ಕೈ ಹಾಕುವುದು. ಡಬ್ಬ ಮನೆಗೆ ತರಬೇಡಿ. ಮುಗೀತು.

ಅರ್ಧ ಇಡ್ಲಿ:
ಮನೆಯಲ್ಲಿ ಮಾವ ಇದ್ದಾರೆ, ಎರಡು ಮಕ್ಕಳಿವೆ ಸರ್. ಕೋಡುಬಳೆ ಇಲ್ಲದ ದಿನ ಮಂಡಕ್ಕಿ ಚೀಲ ಇರುತ್ತದೆ, ಶೇಂಗಾ ಚಟ್ನಿಪುಡಿ ಇರುತ್ತದೆ. ಒಂದು ಸಲ ಹಾಲಿನ ಪುಡಿಯನ್ನೇ ಚಮಚದಲ್ಲಿ ತಿಂದಿದ್ದೇನೆ.

ಬೈಪಾಸ್ ಭಟ್ರು:
ನಾನು 2019ರಲ್ಲಿ ಬೈಪಾಸ್ ಮಾಡಿಸಿಕೊಂಡವನು. ಹೃದಯದ್ದಲ್ಲ, ಹೊಟ್ಟೆಯದು. ಮೇಲ್ಗಡೆ ಸಣ್ಣ ನಿಂಬೆಹಣ್ಣಿನಷ್ಟು ಚೀಲ ಉಳಿಸಿ, ಅದನ್ನು ಸೀದಾ ಸಣ್ಣ ಕರುಳಿಗೆ ಜೋಡಿಸುತ್ತಾರೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೆ. ಮೂರನೇ ತಿಂಗಳಿಗೆ ನಿಂತಿತು. ಹಾಗಾಗಿ ಆಪರೇಷನ್ನೇ ದಂಡ ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ಇನ್ನು ಚಟದ ಮಾತು. ಅಣ್ಣನ ಮಗನ ಮದುವೆಯಲ್ಲಿ ಹೋಳಿಗೆ ಬಂತು. ಬೇಡ ಅಂದೆ. 'ಒಂದರಿಂದ ಏನಾಗುತ್ತೆ ಮಾರಾಯಾ' ಅಂತ ಬಡಿಸಿದರು, ಮೇಲೆ ತುಪ್ಪ. ಒಂದೂವರೆ ತಿಂದೆ. ಮಜ್ಜಿಗೆ ಬರುವಷ್ಟರಲ್ಲಿ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಎದೆ ಡಬಡಬ, ಹೊಟ್ಟೆ ತೊಳೆಸು. ಜಮಖಾನೆ ಪೇರಿಸಿಟ್ಟ ಕೋಣೆಯಲ್ಲಿ ಮಲಗಿಸಿದರು. ಹಾರ್ಟ್ ಅಟ್ಯಾಕ್ ಅಂತ ಅರ್ಧ ಮದುವೆ ಅಲ್ಲಿ ಸೇರಿತು. ಇದಕ್ಕೆ ಡಂಪಿಂಗ್ ಅಂತಾರೆ, ಸಕ್ಕರೆ ಒಂದೇ ಸಲ ಕರುಳಿಗೆ ಬಿದ್ದಾಗ ಆಗುವುದು. ಆಮೇಲೆ ಹೋಳಿಗೆ ಕಂಡರೆ ಕೈ ಮುಗಿಯುತ್ತೇನೆ. ಆದರೆ ನಿಜ ಹೇಳಬೇಕಲ್ಲ, ಖಾರದ ಮಿಕ್ಸ್ಚರ್ ತಿಂದರೆ ನನಗೆ ಏನೂ ಆಗುವುದಿಲ್ಲ. ಅದೇ ಬಂದದ್ದು ಕಷ್ಟ.

ತಟ್ಟೆ ಲೆಕ್ಕ:
ಆಪರೇಷನ್ ಆದವರಿಗೆ ಊಟದ ಪಟ್ಟಿ ಬರೆಯುವುದು ಹನ್ನೊಂದು ವರ್ಷದಿಂದ ನನ್ನ ಕೆಲಸ. ಅರ್ಧ ಇಡ್ಲಿ ಅವರೇ, ನಿಮ್ಮ ಕೋಡುಬಳೆ ನೆನೆಸುವ ಮಾತು ಓದಿ ಒಂದು ನಿಮಿಷ ಸುಮ್ನೆ ಕೂತೆ. ಯಾಕೆ ಅಂತ ಹೇಳುತ್ತೇನೆ.

ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲಿಗಿಂತ ಜಾಸ್ತಿ ಭಾಗ ತೆಗೆದು, ಬಾಳೆಕಾಯಿ ಆಕಾರದ ಕೊಳವೆ ಉಳಿಸುತ್ತಾರೆ. ಹಸಿವೆ ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದ ಭಾಗದಲ್ಲೇ. ಮೊದಲ ತಿಂಗಳುಗಳಲ್ಲಿ ನಿಮ್ಮ ಹಸಿವೆ ಮಾಯವಾದದ್ದಕ್ಕೆ ಅದೂ ಒಂದು ಕಾರಣ. ಕಾಳು, ಪನೀರ್, ಕೋಳಿ ತುಂಡು ತಿಂದರೆ ಆ ಕೊಳವೆ ಬೇಗ ತುಂಬುತ್ತದೆ. ಬಾಯಲ್ಲೇ ಕರಗಿ ಗಂಜಿಯಾದದ್ದು ಸುಮ್ಮನೆ ಜಾರಿಹೋಗುತ್ತದೆ. ಐಸ್‌ಕ್ರೀಂ, ಟೀಗೆ ಅದ್ದಿದ ಬಿಸ್ಕತ್ತು, ಚಿಪ್ಸ್, ಮತ್ತು ನೀವು ಹೇಳಿದ ನೆನೆದ ಕೋಡುಬಳೆ. ಸದ್ದು ಅಡಗಿಸಲು ಕಲಿತ ವಿದ್ಯೆ ಈಗ ಆಪರೇಷನ್ನನ್ನೇ ದಾಟಿಕೊಂಡು ಹೋಗುತ್ತಿದೆ. ತಪ್ಪು ನಮ್ಮದೂ ಇದೆ. 'ಬೆಳಗ್ಗೆ ಏನು ತಿಂತೀರಿ, ಮಧ್ಯಾಹ್ನ ಏನು' ಅಂತ ಕೇಳಿ ಬರೆದುಕೊಳ್ಳುತ್ತೇವೆ. ರಾತ್ರಿ ಹನ್ನೊಂದರ ಮೇಲಿನದ್ದು ಯಾರೂ ಕೇಳುವುದಿಲ್ಲ.

ಹೆಸರಿನ ಜಗಳಕ್ಕೆ: ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2009ರಲ್ಲಿ ತಿನ್ನುವ ಚಟ ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಆದರೆ ಮನೋವೈದ್ಯರು ನೋಡುವ ಡಿಎಸ್‌ಎಂ-5 ಅನ್ನುವ 2013ರ ಕೈಪಿಡಿಯಲ್ಲಿ ಆಹಾರದ ಚಟ ಅನ್ನುವ ಕಾಯಿಲೆ ಇಲ್ಲ. ಬಿಂಜ್ ಈಟಿಂಗ್ ಅನ್ನುವುದು ಇದೆ. ಸ್ವಲ್ಪ ಹೊತ್ತಿನಲ್ಲೇ ತೀರಾ ಜಾಸ್ತಿ ತಿನ್ನುವುದು, ನಿಲ್ಲಿಸಲಾಗದೆ, ಒಬ್ಬರೇ ಕೂತು, ಆಮೇಲೆ ನಾಚಿಕೆ.

ಹಳೇ ಮೈಸೂರು:
ನೋಡಿ, ಪುಸ್ತಕದಲ್ಲೇ ಇಲ್ಲವಂತೆ.

ತಟ್ಟೆ ಲೆಕ್ಕ:
ಬಾಯಿಚಪಲವೂ ಇಲ್ಲ ಸರ್ ಅದರಲ್ಲಿ.

ಎರಡನೇ ಪಾಳಿ:
ನಾನು ಮಂಡ್ಯದವನು. ಮುದ್ದೆಯನ್ನು ಅಗಿದು ತಿನ್ನಬೇಕು ಅಂದಾಗ ಆಪರೇಷನ್‌ಗಿಂತ ಜಾಸ್ತಿ ನೋವಾಯಿತು. ತಮಾಷೆ ಇರಲಿ.

ಹಳೇ ಮೈಸೂರು ಅಣ್ಣ, ನಾನು ಎರಡೂ ಕಡೆ ಹೋಗಿ ಬಂದಿದ್ದೇನೆ. 138 ಕೆಜಿ ಇದ್ದಾಗ ಡ್ಯೂಟಿ ಮುಗಿಸಿ ಗಾಡಿ ಬದಿಗೆ ಹಾಕಿ ಮೂರು ಪ್ಲೇಟ್ ಫ್ರೈಡ್ ರೈಸ್ ತಿಂದು, ಮನೆಗೆ ಹೋಗಿ ಏನೂ ತಿಂದಿಲ್ಲ ಅಂತ ಊಟಕ್ಕೆ ಕೂರುತ್ತಿದ್ದೆ. ಬೈಪಾಸ್ ಆಯಿತು. ಫ್ರೈಡ್ ರೈಸ್ ನಾಲ್ಕು ಚಮಚಕ್ಕೆ ಕತ್ತಿನಲ್ಲಿ ನಿಂತಿತು. ಎರಡನೇ ವರ್ಷ ಅದೇ ಹೊತ್ತಿಗೆ, ಅದೇ ರಸ್ತೆಯಲ್ಲಿ, ಗಾಡಿ ಬಾರ್ ಮುಂದೆ ನಿಲ್ಲತೊಡಗಿತು. ಮುಂಚೆ ನಾನು ಕುಡಿಯುವವನೇ ಅಲ್ಲ. ಬೈಪಾಸ್ ಆದವರಿಗೆ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ, ಒಂದು ಪೆಗ್‌ಗೇ ತಲೆ ತಿರುಗುತ್ತದೆ. ಡಾಕ್ಟರ್ ಮೊದಲೇ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಆಮೇಲೆ ಓದಿದೆ. ಅಮೆರಿಕದಲ್ಲಿ ಇಂಥ ಆಪರೇಷನ್ ಆದ ಸುಮಾರು ಎರಡು ಸಾವಿರ ಜನರನ್ನು ಗಮನಿಸಿ 2012ರಲ್ಲಿ ವರದಿ ಮಾಡಿದ್ದರು. ಕುಡಿತದ ತೊಂದರೆ ಇದ್ದವರು ಆಪರೇಷನ್‌ಗೆ ಮುಂಚಿನ ವರ್ಷ 7.6%, ಎರಡನೇ ವರ್ಷಕ್ಕೆ 9.6%. ಬೈಪಾಸ್ ಆದವರಿಗೇ ಅಪಾಯ ಜಾಸ್ತಿ. ಎಲ್ಲರಿಗೂ ಆಗುತ್ತದೆ ಅಂತಲ್ಲ, ನೂರರಲ್ಲಿ ತೊಂಬತ್ತು ಜನಕ್ಕೆ ಆಗಲಿಲ್ಲ ಅಂತಲೇ ಓದಿಕೊಳ್ಳಬಹುದು. ನನಗೆ ಆಯಿತು. ಈಗ 14 ತಿಂಗಳಿಂದ ಬಿಟ್ಟಿದ್ದೇನೆ, ವಾರಕ್ಕೆರಡು ಸಲ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರ ಗುಂಪು) ಮೀಟಿಂಗ್. ಅಲ್ಲಿ ನನ್ನ ಕಥೆ ಫ್ರೈಡ್ ರೈಸ್‌ನಿಂದಲೇ ಶುರು ಮಾಡುತ್ತೇನೆ. ಯಾರೂ ನಗುವುದಿಲ್ಲ.

ನ್ಯೂಜೆರ್ಸಿ ಸೊಸೆ:
ಕುಡಿಯುವವರಿಗೆ ಎಎ ಇದ್ದಂತೆ ತಿನ್ನುವವರಿಗೂ ಒಂದಿದೆ, ಓವರ್‌ಈಟರ್ಸ್ ಅನಾನಿಮಸ್. 1960ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರುವಾದದ್ದು. ಆನ್‌ಲೈನ್ ಮೀಟಿಂಗೂ ಇವೆ, ದುಡ್ಡು ಕೇಳುವುದಿಲ್ಲ. ನಾನು ಸ್ಲೀವ್‌ಗೆ ಮುಂಚೆ ಒಂದು ವರ್ಷ ಹೋದೆ, ಈಗಲೂ ಹೋಗುತ್ತೇನೆ. ಸಕ್ಕರೆ ಮತ್ತು ಮೈದಾ ಪೂರ್ತಿ ಬಿಟ್ಟಿದ್ದೇನೆ. 'ಒಂದೇ ಒಂದು' ಅನ್ನುವುದು ನನ್ನ ಡಿಕ್ಷನರಿಯಲ್ಲಿಲ್ಲ. ಗಣೇಶನ ಹಬ್ಬಕ್ಕೆ ಕಡುಬು ಮಾಡುತ್ತೇನೆ, ಉಪ್ಪು ಸಕ್ಕರೆ ನೋಡಲು ಗಂಡನ ಬಾಯಿ.

ತಟ್ಟೆ ಲೆಕ್ಕ:
ನಿಮಗೆ ಅದು ಕೆಲಸ ಮಾಡಿದ್ದರೆ ಸಂತೋಷ. ಆದರೆ ಇಲ್ಲಿ ನಾನು ಸ್ವಲ್ಪ ಜಗಳ ಆಡುತ್ತೇನೆ. ಬಿಂಜ್‌ಗೆ ಕೊಡುವ ಸಿಬಿಟಿ, ಅಂದರೆ ಯೋಚನೆ, ಅಭ್ಯಾಸ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ, ಹೇಳುವುದು ಇದರ ಉಲ್ಟಾ: ಹೊತ್ತು ಹೊತ್ತಿಗೆ ಊಟ, ಯಾವುದನ್ನೂ ನಿಷೇಧ ಮಾಡಬೇಡಿ. 'ಮುಟ್ಟಲೇಬಾರದು' ಅಂದುಕೊಂಡದ್ದನ್ನು ಒಂದು ದಿನ ಮುಟ್ಟಿದರೆ 'ಹೇಗೂ ಕೆಟ್ಟೆ' ಅಂತ ಡಬ್ಬವೇ ಖಾಲಿ. ಹೀಗೆ ಆದವರನ್ನು ಎಷ್ಟೋ ನೋಡಿದ್ದೇನೆ.

ನ್ಯೂಜೆರ್ಸಿ ಸೊಸೆ:
ಸಿಬಿಟಿಯೂ ಮಾಡಿದ್ದೇನೆ ಮೇಡಂ. 'ಒಂದು ಕುಕ್ಕಿ, ನಿಧಾನವಾಗಿ, ಗಮನವಿಟ್ಟು ತಿನ್ನಿ' ಅಂದರು. ಒಂದನ್ನು ಗಮನವಿಟ್ಟು ತಿಂದೆ. ಉಳಿದ ಹನ್ನೊಂದನ್ನು ಕಾರ್ ಪಾರ್ಕಿಂಗಿನಲ್ಲಿ.

ಎರಡನೇ ಪಾಳಿ:
😂 ಕ್ಷಮಿಸಿ, ನಗಬಾರದಿತ್ತು.

ಬಡಿಸುವ ಕೈ:
ನಾನು ಆಪರೇಷನ್ ಆದ ಹುಡುಗನ ತಾಯಿ. ಒಂದು ಮಾತು ಬರೆದು ಹೋಗುತ್ತೇನೆ. ಅವನಿಗೆ ಹತ್ತು ವರ್ಷ ಇದ್ದಾಗ ಅವರಪ್ಪ ಹೋದರು. ಅಳುತ್ತಾನೆ ಅಂದರೆ ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ ಕೊಡುತ್ತಿದ್ದೆ. ಅಳು ನಿಲ್ಲುತ್ತಿತ್ತು. ನನಗೂ ಬೇರೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಈಗ ಕೌನ್ಸೆಲಿಂಗ್‌ನಲ್ಲಿ ಅವನ ಪಕ್ಕ ನನ್ನನ್ನೂ ಕೂರಿಸುತ್ತಾರೆ.

ಶುಕ್ರವಾರದ ಸೂಜಿ:
26ಕ್ಕೇ ಆಪರೇಷನ್ ಯಾಕೆ? ತೂಕ ಇಳಿಸುವ ಇಂಜೆಕ್ಷನ್ ಬಂದಿದೆಯಲ್ಲ. 2025ರ ಮಾರ್ಚ್‌ನಲ್ಲಿ ಮೌಂಜಾರೋ ನಮ್ಮ ದೇಶಕ್ಕೆ ಬಂತು, ಜೂನ್‌ನಲ್ಲಿ ವೆಗೋವಿ. ನಾನು ವಾರಕ್ಕೊಂದು ತೆಗೆದುಕೊಳ್ಳುತ್ತೇನೆ. ಇಡೀ ದಿನ ತಲೆಯೊಳಗೆ 'ಮುಂದೆ ಏನು ತಿನ್ನಲಿ' ಅಂತ ರೇಡಿಯೋ ಹಾಕಿದ ಹಾಗಿರುತ್ತಿತ್ತು. ಮೂರನೇ ವಾರ ಅದು ಆಫ್ ಆಯಿತು. ದುಡ್ಡಿಲ್ಲದೆ ಎರಡು ತಿಂಗಳು ಬಿಟ್ಟೆ, ರೇಡಿಯೋ ಮತ್ತೆ ಆನ್. ಹಳೇ ಮೈಸೂರು ಸರ್, ಬರೀ ಮನಸ್ಸು ಗಟ್ಟಿ ಇಲ್ಲದ್ದಾದರೆ ಒಂದು ಸೂಜಿಗೆ ಅದು ಹೇಗೆ ಆಫ್ ಆಗುತ್ತದೆ?

ತಟ್ಟೆ ಲೆಕ್ಕ:
ಹುಡುಗಿಯ ಎತ್ತರ, ತೂಕ ಎಷ್ಟು?

ಅರ್ಧ ಇಡ್ಲಿ:
5 ಅಡಿ 2 ಇಂಚು, 98 ಕೆಜಿ. ಶುಗರ್, ಬಿಪಿ ಇಲ್ಲ. ಪಿಸಿಓಡಿ (ಮುಟ್ಟು ಏರುಪೇರಾಗುವ ಹಾರ್ಮೋನಿನ ತೊಂದರೆ) ಇದೆ.

ತಟ್ಟೆ ಲೆಕ್ಕ:
ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, 39.5 ಆಗುತ್ತದೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಏಷ್ಯಾದವರಿಗೆ 27.5 ದಾಟಿದರೂ ಆಪರೇಷನ್ ಯೋಚಿಸಬಹುದು. ಆದರೆ ನಮ್ಮ ಇನ್ಶೂರೆನ್ಸ್ ನಿಯಮದಲ್ಲಿ 40 ಇರಬೇಕು, ಅಥವಾ 35ರ ಜೊತೆ ಹೃದಯದ ಕಾಯಿಲೆ, ಹತೋಟಿಗೆ ಬಾರದ ಶುಗರ್, ಜೋರು ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು) ಇಂಥದ್ದೇನಾದರೂ. ಹೀಗಿರುವಾಗ 'ಇನ್ನೊಂದೂಕಾಲು ಕೆಜಿ ಏರಿಸಿಕೊಂಡರೆ ಕ್ಲೇಮ್ ಸಿಗುತ್ತಲ್ಲ' ಅಂತ ಯಾರಾದರೂ ಬುದ್ಧಿ ಹೇಳುತ್ತಾರೆ. ದಯವಿಟ್ಟು ಕೇಳಬೇಡಿ. ಗುಟ್ಟಾಗಿ ತಿನ್ನುವವಳಿಗೆ ತಿನ್ನಲು ಲೈಸೆನ್ಸ್ ಕೊಟ್ಟ ಹಾಗಾಗುತ್ತದೆ.

ನನ್ನ ಮಟ್ಟಿಗೆ ಹೇಳುವುದಾದರೆ ಆಪರೇಷನ್ ಬೇಡ ಅನ್ನುವುದಿಲ್ಲ. ಮೊದಲು ತಿನ್ನುವ ತೊಂದರೆ ಗೊತ್ತಿರುವ ಮನೋವೈದ್ಯರ ಹತ್ತಿರ ಹೋಗಲಿ. ಸರ್ಟಿಫಿಕೇಟ್‌ಗೆ ಒಂದು ಸಲ ಕೂತು ಸಹಿ ಹಾಕಿಸಿಕೊಳ್ಳುವುದಲ್ಲ, ನಾಲ್ಕಾರು ತಿಂಗಳು. ಆಪರೇಷನ್ ಆದಮೇಲೂ ಅದು ನಿಲ್ಲಬಾರದು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಜೀವನಪೂರ್ತಿ ಇರುವ ಹಾಗೆ ಇದೂ ಇರಲಿ. ಮದುವೆ, ಮಕ್ಕಳ ಯೋಚನೆ ಇದ್ದರೆ ಆಪರೇಷನ್ ಆದ ಮೇಲೆ ವರ್ಷ, ಒಂದೂವರೆ ವರ್ಷ ಬಸಿರಾಗುವುದು ಬೇಡ ಅಂತಲೂ ಹೇಳಿಬಿಡಿ. ಇದನ್ನು ಹುಡುಗಿಯರಿಗೆ ಎಷ್ಟೋ ಸಲ ಕೊನೆಗೆ ಹೇಳುತ್ತಾರೆ.

ಬೈಪಾಸ್ ಭಟ್ರು:
ಸರಿಯಾಗಿ ಹೇಳಿದಿರಿ. ಆದರೆ ತಾಲೂಕು ಕೇಂದ್ರದಲ್ಲಿ ಅಂಥ ಮನೋವೈದ್ಯರು ಎಲ್ಲಿ ಸಿಗುತ್ತಾರೆ? ನನಗೆ ಸಿಕ್ಕಿದವರು 'ದೇವರ ಧ್ಯಾನ ಮಾಡಿ' ಅಂದರು. ಮೂವತ್ತು ವರ್ಷ ಪೂಜೆ ಮಾಡಿ, ಪ್ರಸಾದ ತಿಂದೇ ಈ ಗತಿಗೆ ಬಂದವನು ನಾನು!

ಹಳೇ ಮೈಸೂರು:
ಎಲ್ಲ ಓದಿದೆ. ಚಟ ಅನ್ನಲು ಈಗಲೂ ಮನಸ್ಸು ಒಪ್ಪುವುದಿಲ್ಲ. ಹಾಗಂದರೆ ತಿನ್ನುವವರಿಗೆ ಒಂದು ನೆಪ ಸಿಗುತ್ತದೆ ಅನ್ನುವುದು ನನ್ನ ಮಾತು, ಬದಲಿಲ್ಲ. ಸೂಜಿಯವರಿಗೆ ಉತ್ತರ ಹೊಳೆಯಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಆದರೆ ಆ ಹುಡುಗಿ ಕವರ್ ಮಡಚಿ ಇಡುವುದು ಓದಿದಾಗ ಒಂದು ನೆನಪಾಯಿತು. ನಮ್ಮಪ್ಪ ಬಾಟಲಿಯನ್ನು ಹುಲ್ಲಿನ ಮೆದೆಯಲ್ಲಿ ಸಿಕ್ಕಿಸುತ್ತಿದ್ದರು. ಹುಲ್ಲು ಹಿರಿಯಲು ಹೋದವನು ನಾನು, ನನ್ನ ಕೈಗೇ ಸಿಗುತ್ತಿತ್ತು. ಯಾರಿಗೂ ಹೇಳದೆ ಅಲ್ಲೇ ಇಟ್ಟು ಬರುತ್ತಿದ್ದೆ. ಮೇಡಂ, ಕವರ್ ಕಂಡದ್ದನ್ನು ಅವಳಿಗೆ ಹೇಳಿದ್ದೀರಾ?

ಅರ್ಧ ಇಡ್ಲಿ:
ಹೇಳಿರಲಿಲ್ಲ ಸರ್. ನಿಮ್ಮ ಮಾತು ಓದಿದ ಮೇಲೆ ನಿನ್ನೆ ರಾತ್ರಿ ಫೋನ್ ಮಾಡಿದೆ. ಕವರ್ ವಿಷಯ ಎತ್ತಲಿಲ್ಲ. ನನ್ನ ಕೋಡುಬಳೆ ವಿಷಯ ಹೇಳಿದೆ, ನೆನೆಸುವುದು, ಬೆಳಗ್ಗೆ ಡಬ್ಬ ತುಂಬುವುದು, ಈಗ ಏರಿದ 9 ಕೆಜಿ, ಎಲ್ಲ. ಗಂಡನಿಗೂ ಹೇಳದ್ದು. ತುಂಬಾ ಹೊತ್ತು ಆ ಕಡೆಯಿಂದ ಮಾತಿಲ್ಲ. ಕಟ್ ಆಯಿತೇನೋ ಅಂತ ಹಲೋ ಹಲೋ ಅಂದೆ.

'ಇದೀನಿ ಅತ್ತೆ' ಅಂದಳು. 'ನಾನು ಕವರ್ ಒಡೆಯುವಾಗ ಟಿವಿ ಸೌಂಡ್ ಜಾಸ್ತಿ ಮಾಡ್ತೀನಿ.'

ಮುಂದಿನ ಬುಧವಾರ ಅವಳ ಜೊತೆ ನಾನೂ ಮನೋವೈದ್ಯರ ಹತ್ತಿರ ಹೋಗುತ್ತಿದ್ದೇನೆ. ಇಬ್ಬರದೂ ಹೆಸರು ಬರೆಸಿದ್ದೇನೆ.