ದೀಪಿಕಾ ಪಡುಕೋಣೆ ವಿಡಿಯೊ ತೋರಿಸಿದ ಮೇಲೆ ಮಕ್ಕಳು ಬಾಯಿಬಿಟ್ಟರೆ ಶಾಲೆಯಲ್ಲಿ ಏನೇನು ಸಿದ್ಧವಿರಬೇಕು?

ಪ್ರಶ್ನೆ: ಹೈಸ್ಕೂಲ್ ಮೇಷ್ಟ್ರು, ಮದ್ದೂರು ತಾಲ್ಲೂಕು

ನಮ್ಮದು ಸರ್ಕಾರಿ ಪ್ರೌಢಶಾಲೆ. 8, 9, 10 ಸೇರಿ 164 ಮಕ್ಕಳು. ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನ, ಸ್ಮಾರ್ಟ್ ಕ್ಲಾಸಿನಲ್ಲಿ ದೀಪಿಕಾ ಪಡುಕೋಣೆ ಅವರು ಖಿನ್ನತೆ ಬಗ್ಗೆ ಮಾತಾಡಿರುವ ವಿಡಿಯೊ ತೋರಿಸೋಣ ಅಂತ ಎಚ್‌ಎಂ ಹೇಳಿದ್ದಾರೆ. ಇಬ್ಬರು ಶಿಕ್ಷಕರಿಗೆ, ಒಬ್ಬರು ಮೇಷ್ಟ್ರು ಒಬ್ಬರು ಮೇಡಂ, ಆರೋಗ್ಯ ರಾಯಭಾರಿ ತರಬೇತಿ (ಶಾಲೆಯಲ್ಲಿ ಮಕ್ಕಳಿಗೆ ಆರೋಗ್ಯದ ವಿಷಯ ಹೇಳಿಕೊಡೋಕೆ) ಆಗಿದೆ. ಆಪ್ತಸಮಾಲೋಚಕರು ಅಂತ ಯಾರೂ ಇಲ್ಲ.

ಮೂರು ವಿಷಯ ತಿಳಿಯಬೇಕು. ವಿಡಿಯೊ ಹಿಂದಿ, ಇಂಗ್ಲಿಷಿನಲ್ಲಿದೆ, ಮಕ್ಕಳಿಗೆ ಹೇಗೆ ಮುಟ್ಟಿಸೋದು? ನೋಡಿದ ಮೇಲೆ ಯಾವುದಾದರೂ ಮಗು ಬಂದು "ಸಾರ್, ನಂಗೂ ಹಂಗೇ ಆಯ್ತದೆ" ಅಂದರೆ ಮುಂದೇನು? "ಚೆನ್ನಾಗಿರೋ ಮಕ್ಕಳ ತಲೆಗೆ ಇಲ್ಲದ್ದು ತುಂಬ್ತೀರಾ" ಅನ್ನೋ ಪೋಷಕರಿಗೆ ಏನು ಹೇಳೋದು?

ಉತ್ತರ 1: ಆಪ್ತಸಮಾಲೋಚಕಿ, ಮೈಸೂರು

ಮೇಷ್ಟ್ರೇ, ಮೊದಲು ತಾರೀಖು ನೋಡಿ. ನಮ್ಮ ಕಡೆ ಅಕ್ಟೋಬರ್ 10 ಅಂದರೆ ಎಷ್ಟೋ ವರ್ಷ ದಸರಾ ರಜೆಯ ಒಳಗೆ, ಇಲ್ಲವೇ ಅದರ ಹೊಸ್ತಿಲಲ್ಲಿ ಬರುತ್ತೆ. ರಜೆ ಬಿಡುವ ಹಿಂದಿನ ದಿನ ಈ ಕಾರ್ಯಕ್ರಮ ಮಾಡಲೇಬೇಡಿ. ಮಗು ಬಹಳ ಕಷ್ಟಪಟ್ಟು ಒಂದು ಮಾತು ಆಡಿರುತ್ತೆ, ಮಾರನೇ ದಿನದಿಂದ ಶಾಲೆ ಬಾಗಿಲು ಹಾಕಿರುತ್ತೆ. ಶನಿವಾರದ ಅರ್ಧ ದಿನವೂ ಬೇಡ. ರಜೆ ಮುಗಿದು ಶಾಲೆ ಒಂದು ವಾರ ನಡೆದ ಮೇಲೆ, ಸೋಮವಾರವೋ ಮಂಗಳವಾರವೋ ಬೆಳಗಿನ ಎರಡನೇ ಪೀರಿಯಡ್ ಇಟ್ಟುಕೊಳ್ಳಿ. ಆಮೇಲೆ ಕೈಯಲ್ಲಿ ನಾಲ್ಕು ದಿನವಾದರೂ ಇರುತ್ತೆ. ಮಧ್ಯವಾರ್ಷಿಕ ಪರೀಕ್ಷೆಯ ಅಂಕ ಹೇಳುವ ದಿನ ಮಾತ್ರ ತಪ್ಪಿಸಿ.

164 ಮಕ್ಕಳನ್ನು ಒಟ್ಟಿಗೆ ಕೂರಿಸಬೇಡಿ. ಒಂದು ಸಲಕ್ಕೆ ಒಂದೇ ಸೆಕ್ಷನ್, 40ರ ಒಳಗೆ. ದೊಡ್ಡ ಗುಂಪಿನಲ್ಲಿ ಯಾರೋ ಒಬ್ಬ ಹಿಂದಿನ ಬೆಂಚಿನಿಂದ ನಕ್ಕರೆ ಸಾಕು, ಮಾತಾಡಬೇಕು ಅಂದುಕೊಂಡಿದ್ದ ಮಗು ಅಲ್ಲೇ ಮುದುಡಿಕೊಳ್ಳುತ್ತೆ.

ವಿಡಿಯೊ 6ರಿಂದ 8 ನಿಮಿಷ ಸಾಕು. ಇಡೀ ಸಂದರ್ಶನ ಹಾಕಿದರೆ ಮಕ್ಕಳು ಸಿನಿಮಾ ತಾರೆಯನ್ನು ನೋಡ್ತಾರೆ, ಮಾತು ಕೇಳಲ್ಲ. ನನ್ನ ಪ್ರಕಾರ ಇಡೀ ವಿಷಯದಲ್ಲಿ ನಮ್ಮ ಮಕ್ಕಳಿಗೆ ಬೇಕಾದ ಭಾಗ ಒಂದೇ. 2014ರಲ್ಲಿ ಅವರಿಗೆ ಕಾರಣವೇ ಇಲ್ಲದೆ ಅಳು ಬರುತ್ತಿತ್ತು. ಕೆಲಸದ್ದಾ, ಬೇರೆ ಏನಾದರೂ ಆಯ್ತಾ ಅಂತ ತಾಯಿ ಕೇಳಿದಾಗ ಅವರ ಬಳಿ ಉತ್ತರ ಇರಲಿಲ್ಲ. ಇದು ಮಾಮೂಲಿ ಅಳು ಅಲ್ಲ ಅಂತ ಗುರುತಿಸಿ, ತಜ್ಞರ ಹತ್ತಿರ ಹೋಗಬೇಕು ಅಂದದ್ದು ಆ ತಾಯಿ. ಆ ತುಣುಕು ಬರುವಲ್ಲಿ ನಿಲ್ಲಿಸಿ, ನೀವೇ ಕನ್ನಡದಲ್ಲಿ ಹೇಳಿ. ಸಬ್‌ಟೈಟಲ್ ಹಾಕೋ ತಾಪತ್ರಯವೇ ಬೇಡ.

ಹಿನ್ನೆಲೆಗೆ ಇಷ್ಟು ಗೊತ್ತಿರಲಿ. 2015ರಲ್ಲಿ ಅವರು ಬಹಿರಂಗವಾಗಿ ಹೇಳಿಕೊಂಡರು, ಅದೇ ವರ್ಷ ಲಿವ್ ಲವ್ ಲಾಫ್ ಪ್ರತಿಷ್ಠಾನ ಕಟ್ಟಿದರು. 2016ರಿಂದ ಅದರ ಶಾಲಾ ಕಾರ್ಯಕ್ರಮ ಮಕ್ಕಳಿಗೂ ಶಿಕ್ಷಕರಿಗೂ ನಡೆದಿದೆ. ಅದರ ಗ್ರಾಮೀಣ ಕೆಲಸ ಶುರುವಾದದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲೇ. 2025ರ ಫೆಬ್ರವರಿಯಲ್ಲಿ ಪ್ರಧಾನಿಯವರ ಪರೀಕ್ಷಾ ಪೇ ಚರ್ಚಾ ಕಾರ್ಯಕ್ರಮದಲ್ಲಿ ಮಕ್ಕಳ ಜೊತೆ ಪರೀಕ್ಷೆಯ ಒತ್ತಡದ ಬಗ್ಗೆ ಮಾತಾಡಿದರು, ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅವರನ್ನು ಮಾನಸಿಕ ಆರೋಗ್ಯ ರಾಯಭಾರಿ ಮಾಡಿತು. ಹತ್ತು ವರ್ಷ ಅದೇ ಮಾತು ಹಿಡಿದು ನಿಂತಿದ್ದಾರೆ, ಅದಕ್ಕೇ ಅವರ ಮಾತಿಗೆ ತೂಕ. ಆದರೆ ಆ ಮಾತು ಕೇಳಿ ಮಗು ಎದ್ದು ಬಂದಾಗ ಎದುರಿಗಿರೋದು ನೀವು. ಹಾಗಾಗಿ ಮುಂದಿನ ದಾರಿ ಮೊದಲೇ ಸಿದ್ಧವಿಲ್ಲದಿದ್ದರೆ ವಿಡಿಯೊ ಒಂದು ತಿಂಗಳು ಮುಂದಕ್ಕೆ ಹಾಕಿ, ಏನೂ ನಷ್ಟವಿಲ್ಲ.

ಅಂದಾಜಿಗೆ ಒಂದು ಲೆಕ್ಕ: 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ತೊಂದರೆ ಕಂಡಿತ್ತು. ನಿಮ್ಮ 164ಕ್ಕೆ ಹಿಡಿದರೆ ಹತ್ತಿರ ಹತ್ತಿರ 12 ಮಕ್ಕಳು. ಹನ್ನೆರಡು ಮಕ್ಕಳೂ ಒಂದೇ ದಿನ ಬರಲ್ಲ, ಇಬ್ಬರು ಮೂವರು ಬರಬಹುದು. ಆ ಇಬ್ಬರು ಮೂವರಿಗೆ ಜಾಗ, ಸಮಯ, ಜನ ಇರಲಿ.

ಉತ್ತರ 2: ತಾಲ್ಲೂಕು ಆರೋಗ್ಯ ಸಿಬ್ಬಂದಿ, ಮಂಡ್ಯ ಜಿಲ್ಲೆ

ಎರಡನೇ ಪ್ರಶ್ನೆಗೆ. ಕಾರ್ಯಕ್ರಮಕ್ಕೆ 15 ದಿನ ಮುಂಚೆ ಎಚ್‌ಎಂ ಸಹಿಯ ಒಂದು ಪತ್ರ ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಡಿ, ಪ್ರತಿಯನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಕಳಿಸಿ. ಪತ್ರದಲ್ಲಿ ಎರಡೇ ವಿಷಯ ಕೇಳಿ: ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದು, ಹದಿಹರೆಯದವರಿಗಾಗಿ ಇರುವ ಸ್ನೇಹಾ ಕ್ಲಿನಿಕ್‌ನ ಸಮಾಲೋಚಕರು ಯಾವ ದಿನ ಸಿಗುತ್ತಾರೆ. ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮವಾದ ಮನೋಚೈತನ್ಯದಲ್ಲಿ ಮಂಗಳವಾರದ ಕ್ಲಿನಿಕ್ ಎಂಬ ಏರ್ಪಾಡಿದೆ, ಆದರೆ ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಫೋನಿನಲ್ಲಿ ಖಾತ್ರಿ ಮಾಡಿಕೊಳ್ಳಿ. ಒಂದು ದಿನದ ಕೂಲಿ ಬಿಟ್ಟು ಬಂದ ತಾಯಿ ಡಾಕ್ಟರಿಲ್ಲದೆ ವಾಪಸ್ಸು ಹೋದರೆ ಮತ್ತೆ ಬರುವುದಿಲ್ಲ. ಅದಕ್ಕಿಂತ ಬೇಗ ಬೇಕೆಂದರೆ ಮಂಡ್ಯದ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ), ಮೈಸೂರಿನ ಕೆ.ಆರ್. ಆಸ್ಪತ್ರೆ, ಎರಡರಲ್ಲೂ ಮನೋವೈದ್ಯ ವಿಭಾಗ ಇದೆ.

ಟೆಲಿ ಮಾನಸ್ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದ ಸೇವೆ, 24 ಗಂಟೆಯೂ ಉಚಿತ. ಕರೆ ಹೋದ ಕೂಡಲೇ ರೆಕಾರ್ಡ್ ಮಾಡಿದ ಧ್ವನಿ ಭಾಷೆ ಆರಿಸಲು ಹೇಳುತ್ತದೆ. ಮಕ್ಕಳು ಕಟ್ ಮಾಡುವುದು ಇಲ್ಲೇ, "ಯಾರೂ ಮಾತಾಡ್ಲಿಲ್ಲ" ಅಂದುಕೊಂಡು. ಕನ್ನಡ ಆರಿಸಿ ಕಾದರೆ ಮನುಷ್ಯರೇ ಮಾತಾಡುತ್ತಾರೆ ಎಂದು ತರಗತಿಯಲ್ಲಿ ಬಿಡಿಸಿ ಹೇಳಿ. ಮೊದಲು ಮಾತಾಡುವವರು ತರಬೇತಿ ಪಡೆದ ಸಮಾಲೋಚಕರು, ಬೇಕಾದರೆ ಅವರೇ ತಜ್ಞರಿಗೆ ದಾಟಿಸುತ್ತಾರೆ. ಬಹಳ ಮಕ್ಕಳ ಬಳಿ ಸ್ವಂತ ಫೋನಿಲ್ಲ, ಅಪ್ಪನ ಫೋನಿನಲ್ಲಿ ಮಾಡಿದರೆ ನಂಬರ್ ಉಳಿಯುತ್ತದೆ ಎಂಬ ಭಯ. ಶಾಲೆಯ ಫೋನಿನಿಂದ ಮಾಡಲು ಬಿಡಿ, ಆದರೆ ಸ್ಟಾಫ್ ರೂಮಿನಲ್ಲಿ ಅಲ್ಲ. ಲೈಬ್ರರಿಯೋ ಲ್ಯಾಬೋ, ಬಾಗಿಲು ಅರ್ಧ ತೆರೆದಿರಲಿ, ಹೊರಗಿನಿಂದ ಕಾಣಬೇಕು, ಮಾತು ಮಾತ್ರ ಕೇಳಿಸಬಾರದು.

ಚೀಟಿ ಬರೆಯುವಾಗ ಶಿಕ್ಷಕರು ಮಾಡುವ ತಪ್ಪು ಒಂದಿದೆ. "ಈ ವಿದ್ಯಾರ್ಥಿನಿಗೆ ಡಿಪ್ರೆಶನ್ ಇದೆ, ಪರೀಕ್ಷಿಸಿ" ಎಂದು ಬರೆಯುತ್ತಾರೆ. ರೋಗದ ಹೆಸರು ಡಾಕ್ಟರ ಕೆಲಸ. ಕಣ್ಣಿಗೆ ಕಂಡದ್ದು ಬರೆಯಿರಿ, ಹೀಗೆ: "ಮೂರು ವಾರದಿಂದ ಬಿಸಿಯೂಟ ಅರ್ಧಕ್ಕೆ ಬಿಡುತ್ತಾಳೆ. ಈ ತಿಂಗಳು 7 ದಿನ ಗೈರು, ಅದರಲ್ಲಿ 5 ಸೋಮವಾರ ಮತ್ತು ಮಂಗಳವಾರ. ಮೊದಲು ಥ್ರೋಬಾಲ್ ಆಡುತ್ತಿದ್ದವಳು ಈಗ ಆಡುವುದಿಲ್ಲ. ತಲೆನೋವು ಎಂದು ನಾಲ್ಕು ಸಲ ಹೇಳಿದ್ದಾಳೆ." ಇಷ್ಟಿದ್ದರೆ ಡಾಕ್ಟರಿಗೆ ಅರ್ಧ ದಾರಿ ಸವೆದಂತೆ. ಎರಡು ವಾರಕ್ಕಿಂತ ಹೆಚ್ಚು ದಿನ ಇದೆಯೇ ಎಂಬುದನ್ನು ತಪ್ಪದೆ ನಮೂದಿಸಿ, ಖಿನ್ನತೆಯನ್ನು ಗುರುತಿಸುವಾಗ ಅದನ್ನೇ ಮೊದಲು ಕೇಳುತ್ತಾರೆ.

ಕಾಯುವಂತಿಲ್ಲದ ಸಂದರ್ಭ: ಮಗು "ಬದುಕೋದೇ ಬೇಡ" ಎಂಬ ಅರ್ಥದ ಮಾತು ಆಡಿದರೆ "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಎಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಬಸ್ಸಿಗೂ ಹತ್ತಿಸಬೇಡಿ. ಪೋಷಕರನ್ನು ಕರೆಸಿ, ಅಂದೇ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ, ಮಾತ್ರೆಗಳನ್ನು ಬೀಗ ಹಾಕಿಡಲು, ಕೀಲಿ ದೊಡ್ಡವರ ಸೊಂಟದಲ್ಲೇ ಇರಲು ಹೇಳಿ. ಕಬ್ಬು, ಭತ್ತ ಬೆಳೆಯುವ ಮನೆಗಳಲ್ಲಿ ಅದು ಹಟ್ಟಿಯ ಮೂಲೆಯಲ್ಲೋ ಅಟ್ಟದ ಮೇಲೋ ಎಲ್ಲರ ಕೈಗೆ ಸಿಗುವಂತಿರುತ್ತದೆ.

ಉತ್ತರ 3: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ, ಶ್ರೀರಂಗಪಟ್ಟಣ

ಎಲ್ಲಾ ಸರಿ, ಆದ್ರೆ ಒಂದು ಮಾತು. ಅಷ್ಟು ದುಡ್ಡಿರೋ ಹೀರೋಯಿನ್ನು ತೋರ್ಸುದ್ರೆ ನಮ್ ಮಕ್ಳು "ಇದು ಶ್ರೀಮಂತರ ಕಾಯ್ಲೆ, ಬೆಂಗ್ಳೂರಲ್ಲಿ ಡಾಕ್ಟ್ರಿರೋರಿಗೆ" ಅಂದ್ಕೊತವೆ. ನಮ್ ಕಡೆ ಮಕ್ಳು "ಬೇಜಾರು" ಅಂತ ಹೇಳಲ್ಲ. ಹೊಟ್ಟೆನೋವು ಅಂತವೆ, ಎದೆ ಹಿಡ್ಕೊಂಡಂಗಾಯ್ತದೆ ಅಂತವೆ, ಪ್ರೇಯರಲ್ಲಿ ತಲೆ ಸುತ್ತಿ ಬೀಳ್ತವೆ. ಮನೇಲಿ ಗಾಳಿ ಸೋಕ್ಯದೆ ಅಂತ ತಾಯತ ಕಟ್ಟಿಸ್ತಾರೆ. ಅದ್ನ ಸೇರಿಸ್ದೆ ವಿಡಿಯೊ ತೋರ್ಸುದ್ರೆ ಏನು ಉಪಯೋಗ?

ಉತ್ತರ 4: ಆಪ್ತಸಮಾಲೋಚಕಿ, ಮೈಸೂರು

ಅಕ್ಕ, ನೀವು ಹೇಳಿದ್ದು ಬಹಳ ಮುಖ್ಯ, ನಾನು ಬರೆಯಬೇಕಿತ್ತು. ವಿಡಿಯೊ ಆದ ತಕ್ಷಣ ಬೋರ್ಡಿನ ಮೇಲೆ ಮನುಷ್ಯನ ಒಂದು ಆಕಾರ ಬರೆಯಿರಿ. "ಮನಸ್ಸಿಗೆ ಹಚ್ಚಿಕೊಂಡಾಗ ನಿಮಗೆ ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ?" ಅಂತ ಕೇಳಿ. ಯಾರದೂ ಹೆಸರು ಬೇಡ, ಜಾಗ ಮಾತ್ರ. ಹೊಟ್ಟೆ, ಎದೆ, ತಲೆ, ಅಂಗೈ ಬೆವರು, ನಿದ್ದೆ ಬರದ ಕಣ್ಣು, ಹೀಗೆ ಒಂದೊಂದೇ ಸೇರುತ್ತಾ ಹೋಗುತ್ತೆ. ಇದು 10 ನಿಮಿಷದ ಕೆಲಸ. ವಿಡಿಯೊಗಿಂತ ಹೆಚ್ಚು ಕೆಲಸ ಮಾಡೋದು ಇದೇ. ಕೊನೆಗೆ 14416 ಬೋರ್ಡಿನ ಮೇಲೆ ಬರೆದು ಎಲ್ಲರ ಕೈಲೂ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆಸಿ. ಎಲ್ಲರೂ ಬರೆದರೆ ಯಾರ ಮೇಲೂ ಕಣ್ಣು ಬೀಳಲ್ಲ. ಹಣದ ಮಾತಿಗೆ: ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನೂ ನೋಡ್ತಾರೆ, ಜ್ವರಕ್ಕೆ ಹೋದ ಹಾಗೇ ಹೋಗಬಹುದು ಅಂತ ಅದೇ ಉಸಿರಿನಲ್ಲಿ ಹೇಳಿಬಿಡಿ.

ತಾಯತದ ಬಗ್ಗೆ ಮನೆಯವರ ಜೊತೆ ವಾದಕ್ಕೆ ಇಳಿಯಬೇಡಿ. ತಾಯತ ಇರಲಿ, ಜೊತೆಗೆ ಡಾಕ್ಟರಿಗೂ ತೋರಿಸಿ ಅಂದರೆ ಬರ್ತಾರೆ. ಬಿಚ್ಚಿ ಬನ್ನಿ ಅಂದರೆ ಬರಲ್ಲ. ಮೂರನೇ ಪ್ರಶ್ನೆಗೂ ಇದೇ ದಾರಿ. ಪೋಷಕರ ಸಭೆಯಲ್ಲಿ "ಮಾನಸಿಕ ರೋಗ" ಅಂತ ಶುರು ಮಾಡಬೇಡಿ. ನಿದ್ದೆ, ಊಟ, ಶಾಲೆಗೆ ಬರೋದು, ಈ ಮೂರರಲ್ಲಿ ಎರಡು ವಾರದಿಂದ ಏನಾದರೂ ಬದಲಾಗಿದೆಯಾ ಅಂತ ಕೇಳಿ. ಉತ್ತರ ಅವರ ಬಾಯಿಂದಲೇ ಬರುತ್ತೆ.

ಇನ್ನೊಂದು, ಗುಟ್ಟು ಕಾಪಾಡ್ತೀನಿ ಅಂತ ಮಗುವಿಗೆ ಮಾತು ಕೊಡಬೇಡಿ. "ನೀನು ಹೇಳಿದ್ದನ್ನ ಊರಿಗೆ ಸಾರಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯ ಇದ್ದರೆ, ಇಲ್ಲ ಯಾರಾದರೂ ನಿನಗೆ ಕೆಟ್ಟದ್ದು ಮಾಡ್ತಿದ್ದರೆ, ನಿನಗೆ ಸಹಾಯ ಮಾಡೋರಿಗೆ ಹೇಳಲೇಬೇಕು." ಇದನ್ನು ಮಗು ಬಾಯಿ ಬಿಡುವ ಮುಂಚೆ ಹೇಳಬೇಕು. ಲೈಂಗಿಕ ದೌರ್ಜನ್ಯ ಅಂತ ಗೊತ್ತಾದರೆ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ 6 ತಿಂಗಳವರೆಗೆ ಶಿಕ್ಷೆ ಇದೆ. ಶಾಲೆಯ ಹೆಸರು ಕೆಡುತ್ತೆ ಅಂತ ಒಳಗೊಳಗೇ ವಿಚಾರಣೆಗೆ ಕೂರಬೇಡಿ. ಮಗುವಿಗೆ ಅದೇ ಕಥೆ ಐದು ಜನರ ಮುಂದೆ ಹೇಳಿಸೋದು ಇನ್ನೊಂದು ಹಿಂಸೆ. ಮಕ್ಕಳ ಸಹಾಯವಾಣಿ 1098 ಕೂಡ ಬೋರ್ಡಿನ ಮೇಲೆ ಇರಲಿ.

ಉತ್ತರ 5: ವಿಶೇಷ ಶಿಕ್ಷಕಿ, ಮೈಸೂರು

ಎರಡು ವಿಷಯ ಸೇರಿಸುತ್ತೇನೆ. ಈ ಉತ್ಸಾಹದಲ್ಲಿ ಕೆಲವು ಶಾಲೆಗಳವರು ಮಕ್ಕಳ ಮನಸ್ಸು, ನಡವಳಿಕೆಯ ತೊಂದರೆ ಅಳೆಯುವ ಎಸ್‌ಡಿಕ್ಯೂ ಎಂಬ 25 ಪ್ರಶ್ನೆಗಳ ಹಾಳೆ ಹಂಚಿ ಎಲ್ಲ ಮಕ್ಕಳಿಗೂ ಅಂಕ ಹಾಕಲು ಹೊರಡುತ್ತಾರೆ. ಅದು ಒಳ್ಳೆಯ ಸಾಧನವೇ, 11 ವರ್ಷ ದಾಟಿದ ಮಕ್ಕಳು ತಾವೇ ತುಂಬಬಹುದು. ಆದರೆ ಅಂಕ ಜಾಸ್ತಿ ಬಂದ ಮಕ್ಕಳನ್ನು ನೋಡುವವರು ಇಲ್ಲದೆ ಎಣಿಸಿ ಏನು ಮಾಡುತ್ತೀರಿ? ಆ ಪಟ್ಟಿ ಸ್ಟಾಫ್ ರೂಮಿನಲ್ಲಿ ಓಡಾಡಿದರೆ ಮಗುವಿಗೆ ಅಡ್ಡಹೆಸರು ಉಳಿಯುತ್ತದೆ ಅಷ್ಟೇ. ಗೂಗಲ್ ಫಾರ್ಮ್‌ಗಂತೂ ಹಾಕಬೇಡಿ, ಅದರ ಹಕ್ಕುದಾರರು ಕಾಗದದ ಪ್ರತಿಗೆ ಮಾತ್ರ ಮುಕ್ತವಾಗಿ ಅವಕಾಶ ಕೊಟ್ಟಿದ್ದಾರೆ.

ಎರಡನೆಯದು, ಬಂದ ಮಕ್ಕಳಲ್ಲಿ ಕೆಲವರ ದುಃಖದ ಬೇರು ಓದಿನಲ್ಲೇ ಇರುತ್ತದೆ. ಬಾಯಲ್ಲಿ ಪಾಠ ಒಪ್ಪಿಸುತ್ತಾರೆ, ಬರೆಯಲು ಕೊಟ್ಟರೆ ಒತ್ತಕ್ಷರ ಕಲಸಿಹೋಗುತ್ತದೆ, ಬೋರ್ಡಿನಿಂದ ಇಳಿಸಿಕೊಳ್ಳುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ವರ್ಷಗಟ್ಟಲೆ ಸೋಮಾರಿ ಎಂದು ಬೈಸಿಕೊಂಡ ಮಗು ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಒಳಗೇ ಕುಸಿದಿರುತ್ತದೆ. ಅಂಥವರನ್ನು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕಳಿಸಿ. 1965ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ, ಅಲ್ಲಿ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡುತ್ತಾರೆ. ಅಂಕಪಟ್ಟಿಗಿಂತ ಮಗುವಿನ ಹಳೆಯ ನೋಟ್‌ಬುಕ್‌ಗಳು ಮುಖ್ಯ, ಕನ್ನಡ, ಗಣಿತ, ಇಂಗ್ಲಿಷ್ ಮೂರೂ ಕೊಟ್ಟು ಕಳಿಸಿ. 9ನೇ ತರಗತಿಯಲ್ಲೇ ಮಾಡಿಸಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ರಿಯಾಯಿತಿ ಬೇಕೆಂದರೆ ಪ್ರಮಾಣಪತ್ರ ಶಾಲೆಯ ಮೂಲಕ ಮಂಡಳಿಗೆ ಹೋಗಬೇಕು, ಪೂರ್ವಸಿದ್ಧತಾ ಪರೀಕ್ಷೆ ಹೊತ್ತಿಗೆ ಓಡಾಡಿದರೆ ಕಾಲ ಮೀರಿರುತ್ತದೆ.

ಹತ್ತನೇ ಮಕ್ಕಳಿಗೆ ಇನ್ನೊಂದು ಮಾತು ಖಂಡಿತ ತಿಳಿಸಿ: 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಫಲಿತಾಂಶದ ದಿನ ಅಲ್ಲ, ಈಗಲೇ ಹೇಳಿ.

ಪ್ರಶ್ನೆ ಕೇಳಿದವರು: ಹೈಸ್ಕೂಲ್ ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ರಜೆ ಮುಗಿದ ಎರಡನೇ ಸೋಮವಾರದಿಂದ, ದಿನಕ್ಕೊಂದು ಸೆಕ್ಷನ್ ಅಂತ ಬದಲಿಸ್ತೀವಿ. ಪತ್ರ ನಾಳೆಯೇ ಹೋಗುತ್ತೆ. ಒಂದು ಅನುಮಾನ: ಮಾತಾಡೋಕೆ ನಾಚಿಕೆ ಪಡೋರಿಗೆ ಪೆಟ್ಟಿಗೆ ಇಡಬೇಕು ಅಂತಿದ್ದೀವಿ, ಹೆಸರು ಬರೆಯದೆ ಚೀಟಿ ಹಾಕೋ ಹಾಗೆ. ಸರಿನಾ?

ಉತ್ತರ 6: ಆಪ್ತಸಮಾಲೋಚಕಿ, ಮೈಸೂರು

ಹೆಸರೇ ಇಲ್ಲದಿದ್ದರೆ "ನನಗೆ ಬದುಕು ಸಾಕಾಗಿದೆ" ಅನ್ನೋ ಚೀಟಿ ಸಿಕ್ಕ ದಿನ 164 ಮಕ್ಕಳಲ್ಲಿ ಯಾರನ್ನು ಹುಡುಕ್ತೀರಿ? ಹೆಸರು, ತರಗತಿ ಬರೆಯಲಿ, ಓದೋರು ಇಬ್ಬರೇ, ರಾಯಭಾರಿ ಮೇಡಂ ಮತ್ತು ಮೇಷ್ಟ್ರು, ಅಂತ ಪೆಟ್ಟಿಗೆ ಮೇಲೇ ಬರೆದಿಡಿ. ಹೆಸರು ಬೇಡ ಅನ್ನೋರು ಬರೀ ಪ್ರಶ್ನೆ ಹಾಕಲಿ, ಅದಕ್ಕೆ ತರಗತಿಯಲ್ಲೇ ಎಲ್ಲರಿಗೂ ಸೇರಿಸಿ ಉತ್ತರ ಕೊಡಿ. ಪೆಟ್ಟಿಗೆಯನ್ನು ಎಚ್‌ಎಂ ಕೋಣೆ ಮುಂದೆ ಇಡಬೇಡಿ, ನೀರಿನ ನಲ್ಲಿಯ ಹತ್ತಿರ ಇಡಿ, ಅಲ್ಲಿ ನಿಂತರೆ ಯಾರೂ ಯಾಕೆ ಅಂತ ಕೇಳಲ್ಲ. ದಿನಾ ಮಧ್ಯಾಹ್ನ ಬಿಸಿಯೂಟ ಮುಗಿದ ಕೂಡಲೇ ಬೀಗ ತೆಗೆದು ನೋಡಬೇಕು, ಸಂಜೆಗೆ ಬಿಡಬೇಡಿ, ಶಾಲೆ ಬಿಟ್ಟ ಮೇಲೆ ಆ ಮಗು ಕೈಗೆ ಸಿಗಲ್ಲ. ಇಬ್ಬರೂ ರಜೆ ಹಾಕುವ ದಿನ ಪೆಟ್ಟಿಗೆಯನ್ನು ಒಳಗೆ ಎತ್ತಿಡಿ.