ಅಪ್‌ಡೇಟ್: ತಪ್ಪು ಪಾರ್ಟ್‌ನರ್‌ದಲ್ಲ, ನನ್ನದೇ

ಹೋದ ತಿಂಗಳು ಬ್ರಿಡ್ಜ್ ಇಸ್ಪೀಟಾಟದ ಬಿಡ್ಡಿಂಗ್ (ಎಷ್ಟು ಸುತ್ತು, ಅಂದರೆ ಟ್ರಿಕ್, ಗೆಲ್ಲುತ್ತೇವೆ ಅಂತ ಕೂಗುವ ಹಂತ) ಬಗ್ಗೆ ನಾನು ಕೇಳಿದ್ದು ಇಷ್ಟೇ: ನಾನು 1 ಹಾರ್ಟ್ ಅಂದೆ, ಪಾರ್ಟ್‌ನರ್ 1 ಸ್ಪೇಡ್ ಅಂದರು, ನಾನು 2 ಬಿಟ್ಟು ಹಾರಿ 3 ಹಾರ್ಟ್ಸ್ ಅಂದೆ, ಅವರು ಪಾಸ್. ಹಾಗೆ ಪಾಸ್ ಹೇಳಬಹುದಾ?

ಧಾರಾಳವಾಗಿ ಹೇಳಬಹುದು. ಸ್ಟ್ಯಾಂಡರ್ಡ್ ಬಿಡ್ಡಿಂಗ್‌ನಲ್ಲಿ ಆ ಜಂಪ್ ಬರೀ ಆಹ್ವಾನ, ಅಂದರೆ ಕೈ ಚೆನ್ನಾಗಿದ್ದರೆ ಮುಂದೆ ಹೋಗಿ, ಇಲ್ಲದಿದ್ದರೆ ಪಾಸ್ ಹೇಳಿ ಅಂತ: 16ರಿಂದ 18 ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1), ಆರು ಹಾರ್ಟ್ಸ್. ಬರೀ 6 ಪಾಯಿಂಟ್ ಇದ್ದವರು ಸುಮ್ನಾಗಿದ್ದು ಸರಿಯೇ. ನನ್ನ ಕೈಯಲ್ಲಿ ಏನಿತ್ತು ನೋಡಿ: ಎಕ್ಕ, ರಾಜ, ರಾಣಿ, ಗುಲಾಮ ಸೇರಿ ಆರು ಹಾರ್ಟ್ಸ್, ಎಕ್ಕ, ರಾಜ, ರಾಣಿ ಸೇರಿ ನಾಲ್ಕು ಡೈಮಂಡ್ಸ್. ಒಟ್ಟು 19! ಹೇಳಬೇಕಿದ್ದದ್ದು 3 ಡೈಮಂಡ್ಸ್. ಹಾಗೆ ಹೊಸ ಸೂಟ್‌ಗೆ ಹಾರಿದರೆ ಗೇಮ್ (ದೊಡ್ಡ ಬೋನಸ್ ಸಿಗುವ ಕೂಗು, ಇಲ್ಲಿ 4 ಹಾರ್ಟ್ಸ್) ತನಕ ಪಾಸ್ ಹೇಳುವಂತಿಲ್ಲ. ಅವರ ಸ್ಪೇಡ್ ಎಕ್ಕವೂ ಸೇರಿ ಹತ್ತು ಟ್ರಿಕ್ ಬಂತು, ಸಿಕ್ಕಿದ್ದು 170. ನಾವು ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸ್ಥಿತಿ) ಅಲ್ಲದಿದ್ದರೂ 4 ಹಾರ್ಟ್ಸ್‌ಗೆ 420 ಬರುತ್ತಿತ್ತು. ಹೊಟ್ಟೆ ಉರಿಯಲ್ವಾ?

ಸಾರಿ ಕೇಳಿದೆ, ಕಾಫಿ ಕೊಡಿಸಿ ಅಂದರು. ಕಾಫಿ ಕುಡಿಯುತ್ತಾ ಇನ್ನೊಂದು ಗೊಂದಲ ಹೊರಬಿತ್ತು. ನಾನು 1 ಡೈಮಂಡ್, ಅವರು 1 ಸ್ಪೇಡ್, ನಾನು 2 ಕ್ಲಬ್ಸ್ ಆದ ಮೇಲೆ ಅವರು 3 ಸ್ಪೇಡ್ಸ್ ಅಂದರೆ? ಅವರಿಗದು ಫೋರ್ಸಿಂಗ್ (ನಾನು ಪಾಸ್ ಹೇಳುವಂತಿಲ್ಲ), ನನಗೆ ಆಹ್ವಾನ! ಈಗ ಆಹ್ವಾನ ಅಂತಲೇ ಒಪ್ಪಿಕೊಂಡಿದ್ದೇವೆ. ಅವರ ಕೈ ಜೋರಾಗಿದ್ದರೆ ಮೊದಲು ಯಾರೂ ಹೇಳದ ನಾಲ್ಕನೇ ಸೂಟ್, ಅಂದರೆ 2 ಹಾರ್ಟ್ಸ್; ಅದಕ್ಕೆ ನಾನು ಪಾಸ್ ಹೇಳುವಂತಿಲ್ಲ. ಸ್ಪೇಡ್ಸ್ ಆಮೇಲೆ.